ಮನೋಳಿ ಬಾವಿ ಮತ್ತು ನೂರರ ಎಣಿಕೆ

ನಾನು ನೌಕರಿಗೆ ಸೇರಿದಾಗ ನನ್ನ ಹುದ್ದೆಯ ಹೆಸರು ವೈರ್‌ಲೆಸ್ ಆಪರೇಟರ್. ನಡುವೆ ಅದು ಕಂಟ್ರೋಲ್ ರೂಮ್ ಆಪರೇಟರ್ ಆಯಿತು. ನಿವೃತ್ತಿಯ ಹೊತ್ತಿಗೆ ಇಂಗ್ಲಿಷಿನ ಒಂದು ಮಾರುದ್ದದ ಹೆಸರು ಬಂದಿತ್ತು, ಅದನ್ನು ಪೂರ್ತಿ ಹೇಳಲು ನಮ್ಮ ಸಾಹೇಬರಿಗೂ ಬರುತ್ತಿರಲಿಲ್ಲ. ಕುರ್ಚಿ ಮಾತ್ರ ಅದೇ. ಅದರ ಬೆತ್ತವನ್ನು ಎರಡು ಸಲ ಹೆಣೆಸಿದ್ದೆವು. ಕೆಲಸವೂ ಅದೇ: ಸವದತ್ತಿಯ ಒಂದು ಕೋಣೆಯಲ್ಲಿ ಕುಳಿತು, ಕಣ್ಣಿಗೆ ಕಾಣದ ಮೋಟಾರು ಓಡುತ್ತಿದೆಯೋ ಇಲ್ಲವೋ, ಕಣ್ಣಿಗೆ ಕಾಣದ ಟಾಕಿಯಲ್ಲಿ ನೀರು ಎಷ್ಟಿದೆ ಎಂದು ತಿಳಿದುಕೊಳ್ಳುವುದು.

ಹೋದ ವಾರ ಸುನೀತಾ ಎಂಬ ಹುಡುಗಿ ಬೈಲಹೊಂಗಲದ ನಮ್ಮ ಮನೆಗೆ ಫೋನ್ ಮಾಡಿದಳು. ಈಗ ಆ ಕುರ್ಚಿಯಲ್ಲಿ ಕೂರುವವಳು ಅವಳೇ. "ಮ್ಯಾಡಮ್, ಮನೋಳಿ ರೌಟರಿನ್ಯಾಗ ಒಂದ ಕಡೆ ನೂರಾ ಮೂವತ್ತು ಅಂತ ಹಾಕೀರಿ. ಮೋಟಾರ ಚಾಲೂ ಮಾಡಂತ ಹೇಳಿದ ಮ್ಯಾಲ ನೂರಾ ಮೂವತ್ತು ಸೆಕೆಂಡ ಸುಮ್ನ ಕುಂದರತೇತ್ರಿ ಅದು. ಬ್ಯಾರೆ ಎಲ್ಲಾ ಕಡೆ ಹತ್ತು ಐತಿ. ಇಲ್ಲೂ ಹತ್ತು ಮಾಡ್ಲೇನ್ರಿ?" ಎಂದು ಕೇಳಿದಳು. ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು, ಅದು ನನ್ನ ಸ್ವಭಾವದಲ್ಲಿಲ್ಲ. ಅದಕ್ಕೆ ಕೈ ಹಚ್ಚಬೇಡ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕುಳಿತ ಮೇಲೆ ಇದು ಅವಳೊಬ್ಬಳಿಗೇ ಯಾಕೆ, ಈ ಕೆಲಸಕ್ಕೆ ಬರುವ ಎಲ್ಲರೂ ಓದಲಿ ಅನ್ನಿಸಿತು.

ನನ್ನ ತವರು ನೇಸರಗಿ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೇರಿದಾಗ ನಮ್ಮ ಕುಡಿಯುವ ನೀರಿನ ಯೋಜನೆಯಲ್ಲಿ ಹೆಣ್ಣುಮಗಳು ನಾನೊಬ್ಬಳೇ. ಯೋಜನೆ ಎಂದರೆ ಇಷ್ಟೇ. ಮನೋಳಿಯ ಹತ್ತಿರ ಮಲಪ್ರಭೆಯ ದಂಡೆಗೆ ಒಂದು ಆಳವಾದ ಬಾವಿ. ಹೊಳೆಯ ನೀರು ಕೊಳವೆಯಿಂದ ಆ ಬಾವಿಗೆ ಬರುತ್ತದೆ, ತಡೆಯಬೇಕಾದರೆ ಹೊಳೆಯ ಕಡೆ ಒಂದು ಗೇಟಿದೆ. ಬಾವಿಯ ಮೇಲೆ ಮೋಟಾರು, ಅದರ ಉದ್ದನೆಯ ದಂಡ ತಳದವರೆಗೆ ಇಳಿದಿದೆ, ತಳದಲ್ಲಿ ನೀರೆಳೆಯುವ ಪಂಪು, ಅದರ ಬಾಯಿಗೆ ಕಸ ತಡೆಯುವ ಜಾಳಿಗೆ. ಅಲ್ಲಿಂದ ನೀರು ಗುಡ್ಡದ ಮೇಲಿನ ಶುದ್ಧೀಕರಣ ಘಟಕಕ್ಕೆ ಏರಿ, ಹೂಲಿ ಮೊದಲಾದ ಹಳ್ಳಿಗಳ ಟಾಕಿಗಳಿಗೆ ಇಳಿಯುತ್ತದೆ. ಪ್ರತಿಯೊಂದು ಜಾಗದಲ್ಲೂ ಒಬ್ಬ ಮನುಷ್ಯ, ಒಂದು ವೈರ್‌ಲೆಸ್ ಸೆಟ್ಟು. ಎಲ್ಲರ ಮಾತು ಬಂದು ಸೇರುವುದು ನನ್ನ ಕಿವಿಗೆ.

ಮನೋಳಿ ಬಾವಿಯ ಆಪರೇಟರ್ ಫಕೀರಪ್ಪ. ನನಗಿಂತ ಎಂಟು ಹತ್ತು ವರ್ಷ ಹಿರಿಯ. ಮುಖ ನೋಡುವ ಮೊದಲು ಒಂದು ವರ್ಷ ಅವನ ದನಿ ಮಾತ್ರ ನನಗೆ ಪರಿಚಯ. ಬೆಳಿಗ್ಗೆ ಸೆಟ್ಟು ಹಚ್ಚಿದ ಕೂಡಲೇ, "ಶರಣ್ರಿ ಅಕ್ಕಾರ. ಮನೋಳಿ ಬಾವಿ ಮಾತಾಡಾಕತ್ತೇತ್ರಿ" ಎನ್ನುತ್ತಿದ್ದ. ತಾನು ಮಾತಾಡುತ್ತೇನೆ ಎಂದು ಒಮ್ಮೆಯೂ ಹೇಳಲಿಲ್ಲ, ಯಾವಾಗಲೂ ಬಾವಿಯೇ ಮಾತಾಡುವುದು. "ಬಾವಿಗಿ ಇವತ್ತ ಸ್ವಲ್ಪ ನೆಗಡಿ ಆಗೇತ್ರಿ" ಎಂದರೆ ನೀರಿನಲ್ಲಿ ರಾಡಿ ಬಂದಿದೆ ಎಂದು ಅರ್ಥ.

ಅವನ ಮೋಟಾರು ಮನೆಯ ಬಾಗಿಲಿಗೆ ರೈಲು ಹಳಿಯ ಒಂದು ಗೇಣುದ್ದದ ತುಂಡು ತೂಗುಬಿಟ್ಟಿತ್ತು. ಮೋಟಾರು ಚಾಲೂ ಮಾಡುವ ಮೊದಲು ಅದನ್ನು ಮೂರು ಸಲ ಬಡಿಯುತ್ತಿದ್ದ. ಬಡಿದ ಮೇಲೆ ಒಂದು, ಎರಡು, ಮೂರು ಎಂದು ನೂರರವರೆಗೆ ಎಣಿಸಿ, ಆಮೇಲೆ ಬಟನ್ ಒತ್ತುತ್ತಿದ್ದ. ಹಳಿಯ ಸಪ್ಪಳ ಕೇಳುತ್ತಲೇ ಹೊಳೆಯಲ್ಲಿ ಅರಿವೆ ಒಗೆಯುವ ಹೆಣ್ಣುಮಕ್ಕಳು ಕೊಳವೆಯ ಬಾಯಿಯ ಹತ್ತಿರದಿಂದ ಎದ್ದು ಸರಿಯುತ್ತಿದ್ದರು. ಆ ಮೂರು ಏಟು ನನಗೂ ಕೇಳಲಿ ಎಂದು ಅವನು ಸೆಟ್ಟಿನ ಗುಂಡಿ ಒತ್ತಿ ಹಿಡಿದೇ ಬಡಿಯುತ್ತಿದ್ದ. ಎಣಿಕೆ ಮುಗಿಯುವವರೆಗೆ ನಾನು ಗಡಿಯಾರ ನೋಡುತ್ತ ಕೂರುತ್ತಿದ್ದೆ. ದೇವರ ಕಾರ್ಯಕ್ಕೆ ಗಂಟೆ ಬಾರಿಸಿದ ಹಾಗೆ ಇದೂ ಇವನದೊಂದು ನೇಮ ಎಂದು ನಾನು ತಿಳಿದಿದ್ದೆ. ಯಾಕೆ ನೂರು ಎಂದು ಕೇಳುವ ಬುದ್ಧಿ ನನಗೆ ಹತ್ತು ವರ್ಷ ಬರಲಿಲ್ಲ.

ಅವನ ಇನ್ನೊಂದು ನೇಮ ಫ್ಯೂಜಿನದು. ಬಾವಿಗೆ ಇಳಿಯುವಾಗ ಸ್ಟಾರ್ಟರಿನ ಫ್ಯೂಜು ಕಿತ್ತು ಕಿಸೆಯಲ್ಲಿ ಹಾಕಿಕೊಂಡೇ ಇಳಿಯುತ್ತಿದ್ದ. ಬೆರಳುದ್ದದ ಬಿಳಿ ಪಿಂಗಾಣಿ ತುಂಡು ಅದು. ಅದು ಇಲ್ಲದಿದ್ದರೆ ಯಾರು ಬಟನ್ ಒತ್ತಿದರೂ ಮೋಟಾರು ತಿರುಗುವುದಿಲ್ಲ.

ನಮ್ಮ ಸಾಹೇಬರ ವಿಷಯ ಹೇಳದಿದ್ದರೆ ತಪ್ಪಾದೀತು. ಪಾಟೀಲ ಸಾಹೇಬರು ಕಿತ್ತೂರಿನಿಂದ ವರ್ಗವಾಗಿ ಬಂದವರು. ಸಿಟ್ಟು ಮೂಗಿನ ತುದಿಯ ಮೇಲೆ, ಆದರೆ ಸಿಟ್ಟು ಮಾಡಿದ ದಿನವೇ ಚಹಾ ಕುಡಿಸದೆ ಮನೆಗೆ ಕಳಿಸುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಹೂಲಿಯ ಟಾಕಿ ನೋಡಿಕೊಳ್ಳುವ ಚನ್ನಪ್ಪ ದಿನಕ್ಕೆ ಮೂರು ಸಲ ವೈರ್‌ಲೆಸ್‌ನಲ್ಲಿ "ಟಾಕಿ ತುಂಬೇತ್ರಿ ಅಕ್ಕಾರ" ಎನ್ನುತ್ತಿದ್ದ, ನಾನು ತುಂಬಿದೆ ಎಂದು ಬರೆದುಕೊಳ್ಳುತ್ತಿದ್ದೆ. ಒಂದು ದಿನ ಹೂಲಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದುಕೊಂಡು ಬಸ್ಸಿನಲ್ಲಿ ಸವದತ್ತಿಗೇ ಬಂದು ನನ್ನ ಮೇಜಿನ ಸುತ್ತ ನಿಂತರು. ನನ್ನ ಪುಸ್ತಕದಲ್ಲಿ ಟಾಕಿ ತುಂಬಿತ್ತು, ಅವರ ಕೊಡ ಖಾಲಿ ಇತ್ತು. ನಾನು ಯಾವುದನ್ನು ತೋರಿಸಲಿ?

ಸಾಹೇಬರು ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೂಲಿಗೆ ಹೋದರು. ಟಾಕಿಯಲ್ಲಿ ಮೊಣಕಾಲಮಟ್ಟ ನೀರು. "ಯಾಕೋ ಚನ್ನಪ್ಪ, ತುಂಬೇತಿ ಅಂತ ಯಾಕ ಹೇಳತೀ?" ಎಂದರು. ಚನ್ನಪ್ಪ ತಲೆ ತಗ್ಗಿಸಿ, "ಅಕ್ಕಾರ ಅಷ್ಟ ಕಳಕಳಿಯಿಂದ ತುಂಬೇತೇನು ಅಂತ ಕೇಳತಾರ್ರಿ. ಇಲ್ಲಾ ಅನ್ನಾಕ ಮನಸ ಬರಂಗಿಲ್ರಿ" ಎಂದ. ಸಾಹೇಬರು ನನ್ನ ಕಡೆ ತಿರುಗಿದರು. "ತಪ್ಪು ಅವಂದಲ್ಲ, ನಿಮ್ಮದ ಸುಮಿತ್ರಾಬಾಯಿ. ತುಂಬೇತೇನು ಅಂತ ಕೇಳಬ್ಯಾಡ್ರಿ. ಎಷ್ಟ ಫೂಟ ಐತಿ ಅಂತ ಕೇಳ್ರಿ." ಆ ಮಾತು ನನ್ನ ನೌಕರಿಯುದ್ದಕ್ಕೂ ಬಾಳಿತು. ಈಗಲೂ ಯಾರಾದರೂ ಊಟ ಆಯಿತೇ ಎಂದು ಕೇಳಿದರೆ ಎಷ್ಟು ರೊಟ್ಟಿ ಎಂದು ಹೇಳುವ ಚಟ ನನಗೆ ಅಂಟಿಕೊಂಡಿದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಕ್ಕೆ ನಮ್ಮ ಕಡೆಯೂ ಮೊಬೈಲ್ ಟವರುಗಳು ಎದ್ದವು. ಅವುಗಳ ಹಿಂದೆಯೇ ಮೋಡೆಮ್ ಬಂತು. ಈಗಿನವರು ರೌಟರ್ ಎನ್ನುವುದರ ಅಜ್ಜ ಅದು. ಬುತ್ತಿ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ, ಒಳಗೆ ಮೊಬೈಲಿನದೇ ಸಿಮ್ ಕಾರ್ಡು, ಹೊರಗೆ ಹೆಬ್ಬೆರಳುದ್ದದ ಅಂಟೆನಾ, ಕರೆಂಟು ಹೋದರೂ ಇರಲಿ ಎಂದು ಒಂದು ಬ್ಯಾಟರಿ. ಟಾಕಿಯಲ್ಲಿ ಎಷ್ಟು ಫೂಟು ನೀರಿದೆ ಎಂದು ಅರ್ಧ ಗಂಟೆಗೊಮ್ಮೆ ಅದು ತಾನಾಗಿಯೇ ಮೆಸೇಜು ಕಳಿಸುತ್ತಿತ್ತು, ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅದು ಮೂಡುತ್ತಿತ್ತು. ಡಬ್ಬಿಗೆ ದಾಕ್ಷಿಣ್ಯವಿಲ್ಲ. ಒಂದೂವರೆ ಫೂಟು ಇದ್ದರೆ ಒಂದೂವರೆ ಎಂದೇ ಹೇಳುತ್ತದೆ. ಮೊದಲ ತಿಂಗಳು ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿತ್ತು, ಸುಳ್ಳು ಯಾಕೆ ಹೇಳಲಿ.

ಡಬ್ಬಿ ಕೂರಿಸಲು ಬಂದಿದ್ದ ಕಂಪನಿಯ ಎಂಜಿನಿಯರ್ ದೇಶಪಾಂಡೆ. ಬುದ್ಧಿವಂತ, ಮಾತು ಬಲು ಮೃದು. ಮನೋಳಿಯ ಬಾವಿಗೆ ಅವನು ಇನ್ನೂ ಒಂದು ಅನುಕೂಲ ಮಾಡಿಕೊಟ್ಟ. ಸವದತ್ತಿಯಲ್ಲಿ ಕುಳಿತು ನಾನು ಒಂದು ಮೆಸೇಜು ಕಳಿಸಿದರೆ ಮನೋಳಿಯ ಮೋಟಾರು ಚಾಲೂ ಆಗುತ್ತಿತ್ತು. ಮೊದಲ ಸಲ ಅದನ್ನು ನೋಡಲು ಸಾಹೇಬರು, ನಾನು, ಎಲ್ಲರೂ ಬಾವಿಯ ಹತ್ತಿರ ಹೋಗಿದ್ದೆವು. ಮೋಟಾರು ತಾನೇ ಗುಂಯ್ ಎಂದು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಫಕೀರಪ್ಪ ಮಾತ್ರ ಹಳಿಯ ತುಂಡನ್ನು ಹಿಡಿದುಕೊಂಡು ನಿಂತಿದ್ದ.

"ಅಕ್ಕಾರ, ಈ ಡಬ್ಬಿ ಹಳಿ ಬಡಿತೇತೇನ್ರಿ?"

ನಾನು ನಕ್ಕೆ. ದೇಶಪಾಂಡೆಯೂ ನಕ್ಕು, "ಇದು ಐದ ಸೆಕೆಂಡಿನ್ಯಾಗ ಕೆಲಸ ಮಾಡ್ತದರೀ ಯಜಮಾನ್ರ, ಹಳಿ ಯಾಕ ಬೇಕು?" ಎಂದ. ಫಕೀರಪ್ಪ ಹಳಿಯನ್ನು ಬಿಟ್ಟು ಒಳಗೆ ಹೋದ. ಆ ನಗುವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಡಬ್ಬಿ ಬಂದ ವರ್ಷದ ಖಂಡೆ ಪೂಜೆಯ ಮಾತು. ಅವತ್ತು ನಮ್ಮ ಕಡೆ ದುಡಿಯುವ ಎಲ್ಲ ಸಾಮಾನಿಗೂ ಪೂಜೆ. ಪಾನಾ, ಸುತ್ತಿಗೆ, ಮೋಟಾರು, ಯಾವುದನ್ನೂ ಬಿಡುವ ಹಾಗಿಲ್ಲ. ಪೂಜೆಯ ಮರುದಿನದಿಂದ ಹೂಲಿಯ ಡಬ್ಬಿ ಮೂಕವಾಯಿತು. ಮೆಕ್ಯಾನಿಕ್ ಹೋಗಿ ಬ್ಯಾಟರಿ ಬದಲಿಸಿ ಬಂದ. ಆಗಲಿಲ್ಲ. ಸಿಮ್ ಬದಲಿಸಿದ. ಆಗಲಿಲ್ಲ. ದೇಶಪಾಂಡೆ ಫೋನಿನಲ್ಲಿ ಅದು ಇದು ಹೇಳಿಕೊಟ್ಟ. ನಾಲ್ಕನೆಯ ದಿನ ನಾನೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಡಬ್ಬಿಗೆ ಮೂರು ಬೆರಳಿನ ವಿಭೂತಿ, ಚೆಂಡು ಹೂವಿನ ಮಾಲೆ, ಮೇಲಿನ ಅಂಟೆನಾಕ್ಕೆ ಬೋರಲು ಹಾಕಿದ ತಾಮ್ರದ ಚರಿಗೆ.

"ಚನ್ನಪ್ಪ, ಇದೇನೋ?"

"ಸಣ್ಣದು ಐತ್ರಿ ಅಕ್ಕಾರ, ಬಿಸಲಿಗಿ ಬಾಡತೇತಿ. ಪಾರಿವಾಳ ಬ್ಯಾರೆ ಬಂದು ಕುಂದರತಾವು. ಅದಕ್ಕ ಮುಚ್ಚೇನ್ರಿ. ಮೆಕ್ಯಾನಿಕ ಬಂದಾಗೊಮ್ಮೆ ತಗದು, ಹೋದ ಮ್ಯಾಲ ಮತ್ತ ಹಾಕೇನ್ರಿ."

ಚರಿಗೆ ತೆಗೆದ ಕೂಡಲೇ ಡಬ್ಬಿಯ ದೀಪ ಮಿಣುಕಿತು. ತಾಮ್ರದ ಪಾತ್ರೆಯೊಳಗಿಂದ ಟವರಿಗೆ ದನಿ ಮುಟ್ಟುವುದಿಲ್ಲ ಎಂದು ಅವನಿಗೆ ತಿಳಿಸಿ ಹೇಳಿದೆ. ಪಾಪ, ಅವನು ಅದನ್ನು ಮನೆಯ ಮಗುವಿನ ಹಾಗೆ ನೋಡಿಕೊಂಡಿದ್ದ. ನಾನು ಬೈಯಲಿಲ್ಲ. ಕಚೇರಿಗೆ ಬಂದು ನಕ್ಕು ನಕ್ಕು ಸಾಕಾಯಿತು. ನಗುವ ಪಾಳಿ ಮುಂದಿನ ವರ್ಷ ಮುಗಿಯಿತು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಫಕೀರಪ್ಪ ಫ್ಯೂಜು ಕಿತ್ತಾಗಲೆಲ್ಲ ಮನೋಳಿಯ ಡಬ್ಬಿ ನನಗೆ "ಸ್ಟಾರ್ಟರಿಗೆ ಕರೆಂಟ್ ಇಲ್ಲ" ಎಂದು ಮೆಸೇಜು ಕಳಿಸುತ್ತಿತ್ತು. ತಿಂಗಳ ಕೊನೆಗೆ ಅವೆಲ್ಲ ವರದಿಯಲ್ಲಿ ಕೆಂಪು ಗೆರೆಗಳಾಗಿ ಬರುತ್ತಿದ್ದವು. ರಾಮದುರ್ಗದ ಕಡೆಯ ಯೋಜನೆಯಲ್ಲೂ ಇಂಥದೇ ಡಬ್ಬಿ ಕೂರಿಸಿದ್ದರು, ಅವರ ವರದಿಯಲ್ಲಿ ಕೆಂಪು ಕಡಿಮೆ. ನನಗೆ ಅದು ಮುಳ್ಳಾಗಿತ್ತು. ಸಾಹೇಬರು ಏನೂ ಅನ್ನಲಿಲ್ಲ. ನಾನೇ ಹಟ ಹಿಡಿದು ಫಕೀರಪ್ಪನಿಗೆ ಒಂದು ಕಾಗದ ಬರೆದೆ. "ಇನ್ನು ಮುಂದೆ ಕಂಟ್ರೋಲ್ ರೂಮಿನ ಅನುಮತಿಯಿಲ್ಲದೆ ಸ್ಟಾರ್ಟರಿನ ಫ್ಯೂಜನ್ನು ತೆಗೆಯತಕ್ಕದ್ದಲ್ಲ. ಮೋಟಾರನ್ನು ಬಟನ್ ಒತ್ತಿ ಬಂದ್ ಮಾಡಿದರೆ ಸಾಕು." ಕೆಳಗೆ ನನ್ನ ಸಹಿ, ಕಚೇರಿಯ ಶಿಕ್ಕೆ. ಹನ್ನೆರಡು ವರ್ಷ ನನ್ನ ಕಿವಿಯಲ್ಲಿ ಮಾತಾಡಿದ ಮನುಷ್ಯನಿಗೆ ನಾನು ಬರೆದ ಮೊದಲ ಕಾಗದ ಅದು. ಅದು ಮುಟ್ಟಿದ ಮೇಲೆ ಕೆಂಪು ಗೆರೆಗಳು ನಿಂತವು. ಬಾವಿಗೆ ಇಳಿಯುವ ಕೆಲಸವೂ ಆ ದಿನಗಳಲ್ಲಿ ಬಂದಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನನ್ನ ಕಾಗದಕ್ಕೆ ಬೆಲೆ ಬಂತು ಎಂದು ಖುಷಿಪಟ್ಟೆ.

ಮೂರು ವಾರ ಕಳೆದು ಬನ್ನಿ ಹಬ್ಬ ಬಂತು. ಅವತ್ತು ನಮ್ಮ ಕಡೆ ಬನ್ನಿ ಎಲೆ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುವುದು ವಾಡಿಕೆ. ಮೊಬೈಲ್ ಬಂದ ಮೇಲೆ ಜನ ಆ ಮಾತನ್ನು ಮೆಸೇಜಿನಲ್ಲಿ ಕಳಿಸಲು ಶುರುಮಾಡಿದ್ದರು. ಊರಿಗೂರೇ ಮೆಸೇಜು ಕಳಿಸಿದರೆ ದಾರಿ ಕಟ್ಟಿಕೊಳ್ಳುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಮ್ಮ ಡಬ್ಬಿಯ ಮೆಸೇಜೂ ಅದೇ ದಾರಿಯಲ್ಲಿ, ಅದೇ ಸಾಲಿನಲ್ಲಿ ನಿಲ್ಲಬೇಕು.

ಬೆಳಿಗ್ಗೆ ಎಂಟಕ್ಕೆ ನಾನು ಮನೋಳಿಗೆ ಚಾಲೂ ಮಾಡುವ ಮೆಸೇಜು ಕಳಿಸಿದೆ. ಐದು ಸೆಕೆಂಡು ಹೋಗಿ ಐದು ನಿಮಿಷವಾದರೂ ಉತ್ತರವಿಲ್ಲ. ಹೋಗಿ ಮುಟ್ಟಿಲ್ಲ, ಎಲ್ಲೋ ಬಿದ್ದುಹೋಗಿದೆ ಎಂದುಕೊಂಡು ಫಕೀರಪ್ಪನ ಮೊಬೈಲಿಗೆ ಫೋನು ಮಾಡಿದೆ. ಅವನು ಕೈಯಿಂದಲೇ ಮೋಟಾರು ಹಚ್ಚಿದ. ಹತ್ತೂವರೆಗೆ ಅವನೇ ಫೋನು ಮಾಡಿದ.

"ಅಕ್ಕಾರ, ನೀರ ಎಳೀವಲ್ತರಿ. ಜಾಳಿಗಿಗೆ ಹೊಳಿ ಕಸ ಕಟ್ಟೇತಿ. ಮೋಟಾರ ಬಂದ್ ಮಾಡೇನ್ರಿ. ಹೊಳಿ ಕಡೆ ಗೇಟ ಇಳಿಸಿ ಬಾವಿಗಿ ಇಳೀತೇನಿ. ಮಧ್ಯಾಹ್ನಕ್ಕ ಚಾಲೂ ಮಾಡೂನು."

"ಆಗಲಿ, ಹುಷಾರು" ಎಂದೆ. ಫ್ಯೂಜಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹನ್ನೊಂದು ಗಂಟೆ ದಾಟಿರಬೇಕು. ಪರದೆಯ ಮೇಲೆ ಮನೋಳಿಯಿಂದ ಒಂದು ಸಾಲು ಮೂಡಿತು: ಚಾಲೂ ಮಾಡುವ ಹುಕುಂ ಸಿಕ್ಕಿದೆ.

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ನಾನು ಈಗ ಯಾವ ಹುಕುಮೂ ಕಳಿಸಿಲ್ಲ. ಆಮೇಲೆ ಹೊಳೆಯಿತು. ಬೆಳಿಗ್ಗೆ ಎಂಟರ ನನ್ನ ಮೆಸೇಜು ಬಿದ್ದುಹೋಗಿರಲಿಲ್ಲ. ಮೂರು ತಾಸು ಎಲ್ಲೋ ಸಾಲಿನಲ್ಲಿ ನಿಂತಿದ್ದು ಈಗ ಹೋಗಿ ಮುಟ್ಟಿತ್ತು. ಡಬ್ಬಿ ಪಾಪ, ಹೇಳಿದ್ದನ್ನು ಮಾಡುತ್ತದೆ. ಯಾವಾಗ ಹೇಳಿದ್ದು ಎಂದು ಅದು ಕೇಳುವುದಿಲ್ಲ. ಆ ಹೊತ್ತಿಗೆ ಫಕೀರಪ್ಪ ತಳದಲ್ಲಿ, ಸೊಂಟಮಟ್ಟ ನೀರಿನಲ್ಲಿ, ಜಾಳಿಗೆ ಬಿಚ್ಚಿ ಪಂಪಿನ ಬಾಯೊಳಗೆ ಕೈ ಹಾಕಿ ಕಸ ಎಳೆಯುತ್ತಿರುತ್ತಾನೆ. ಫ್ಯೂಜು ತೆಗೆಯತಕ್ಕದ್ದಲ್ಲ ಎಂದು ಬರೆದವಳು ನಾನು.

ಬಂದ್ ಮಾಡುವ ಮೆಸೇಜು ಮೂರು ಸಲ ಕಳಿಸಿದೆ. ಉತ್ತರವಿಲ್ಲ. ಅವನ ಮೊಬೈಲಿಗೆ ಫೋನು ಹಚ್ಚಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಬಾವಿಗೆ ಇಳಿಯುವವನು ಮೊಬೈಲನ್ನು ಅಂಗಿಯ ಜೊತೆ ಮೇಲೆ ಬಿಟ್ಟಿರುತ್ತಾನೆ. ಕಪಾಟಿನಲ್ಲಿ ಹಳೆಯ ವೈರ್‌ಲೆಸ್ ಸೆಟ್ಟು ಬಟ್ಟೆ ಸುತ್ತಿಕೊಂಡು ಮಲಗಿತ್ತು. ಮನೋಳಿಯ ಸೆಟ್ಟನ್ನು ಡಬ್ಬಿ ಬಂದ ಮೇಲೆ ಕಿತ್ತು ಹಾಕಿದ್ದೆವು, ಇದನ್ನು ಹಚ್ಚಿದರೂ ಆ ಕಡೆ ಕೇಳುವವರು ಇರಲಿಲ್ಲ. ಸಾಹೇಬರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಬ್ಬಕ್ಕೆಂದು ಜೀಪಿನ ಡ್ರೈವರ್ ಊರಿಗೆ ಹೋಗಿದ್ದ. "ನೀವು ಸಿಕ್ಕ ಗಾಡಿ ಹತ್ತಿ ಹೋಗ್ರಿ, ನಾ ಹಿಂದ ಬರತೇನಿ" ಎಂದರು.

ರಸ್ತೆಗೆ ಬಂದು ಕೈ ಅಡ್ಡ ಮಾಡಿದಾಗ ಉಳ್ಳಾಗಡ್ಡಿ ತುಂಬಿದ ಒಂದು ಟೆಂಪೊ ನಿಂತಿತು. ಡ್ರೈವರಿನ ಪಕ್ಕ ಕುಳಿತೆ. ಅವನು ನನ್ನ ಮುಖ ನೋಡಿ, "ಯಾರಿಗರೆ ಆರಾಮ ಇಲ್ಲೇನ್ರಿ ಬಾಯಾರ?" ಎಂದ. ಏನು ಹೇಳಬೇಕು? ಒಬ್ಬ ಮನುಷ್ಯನನ್ನು ನಾನು ಮೂರು ತಾಸಿನ ಹಿಂದೆಯೇ ಕೊಂದಿದ್ದೇನೋ ಏನೋ, ಈಗ ನೋಡಲು ಹೊರಟಿದ್ದೇನೆ ಎಂದು ಹೇಳಬೇಕಿತ್ತು. ಸುಮ್ಮನೆ ಹೂಂ ಎಂದೆ. ಅವನು ಗಾಡಿ ಜೋರು ಮಾಡಿದ. ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ. ಅವನು ನನ್ನ ಕಾಗದ ಓದಿರಬಾರದು, ಓದಿದ್ದರೂ ಧಿಕ್ಕರಿಸಿರಬೇಕು. ನೌಕರಿಯಲ್ಲಿ ನನ್ನ ಮಾತು ಯಾರೂ ಕೇಳದಿರಲಿ ಎಂದು ಬೇಡಿಕೊಂಡದ್ದು ಅದೊಂದೇ ದಿನ.

ಮೋಟಾರು ಮನೆಯ ಮುಂದೆ ಇಳಿದಾಗ ಸದ್ದಿರಲಿಲ್ಲ. ಮೋಟಾರು ಓಡುತ್ತಿಲ್ಲ ಎಂದು ಸಮಾಧಾನ ಪಡಲೋ, ಓಡಿ ಏನೋ ಸಿಕ್ಕಿಕೊಂಡು ನಿಂತಿದೆಯೋ ಎಂದು ಅಂಜಲೋ ತಿಳಿಯಲಿಲ್ಲ. ಬಾಗಿಲ ಗೂಟಕ್ಕೆ ಅವನ ಅಂಗಿ ಇತ್ತು. ಬಾವಿಯ ಕಟ್ಟೆಗೆ ಹೋಗಿ ಬಗ್ಗಿ, "ಫಕೀರಪ್ಪಾ" ಎಂದು ಕೂಗಿದೆ.

"ಯಾರ್ರಿ ಅದು? ಅಕ್ಕಾರೇನು?" ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ. ತಿರುಗಿದರೆ ಬೇವಿನ ಗಿಡದ ಬುಡಕ್ಕೆ ಫಕೀರಪ್ಪ ಕುಳಿತಿದ್ದ. ಮೊಣಕಾಲವರೆಗಿನ ಚಡ್ಡಿ ತೊಯ್ದಿತ್ತು, ಮೈಮೇಲೆ ಹೊಳೆಯ ಪಾಚಿ, ಕೈಯಲ್ಲಿ ಚಹಾದ ಬಸಿ. ಪಕ್ಕದಲ್ಲಿ ಜಾಳಿಗೆಯಿಂದ ಎಳೆದ ಕಸದ ಗುಂಪಿ. ಎರಡೂ ಕೈ ಇದ್ದವು. ನಾನು ಮೊದಲು ನೋಡಿದ್ದು ಅದನ್ನೇ. ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ನೀನು ತಳದಾಗ ಇದ್ದಾಗ ಸ್ಟಾರ್ಟರ ಟಕ್ ಅಂದಿಲ್ಲೇನು?" ಎಂದೆ.

"ಎಲ್ಲಿಂದ ಅಂತೇತ್ರಿ" ಎಂದ. ಚಡ್ಡಿಯ ಕಿಸೆಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಒಂದು ಕಾಗದದ ಪೊಟ್ಟಣ ತೆಗೆದ. ಬಿಚ್ಚಿದ. ಒಳಗೆ ಬಿಳಿ ಪಿಂಗಾಣಿ ಫ್ಯೂಜು. ಸುತ್ತಿದ್ದ ಕಾಗದದ ಮೇಲೆ ಶಿಕ್ಕೆ ಕಾಣುತ್ತಿತ್ತು, ಕೆಳಗೆ ನನ್ನ ಸಹಿ.

"ನೀವು ಬರದ ಕಾಗದ ಓದೇನ್ರಿ ಅಕ್ಕಾರ. ಎರಡ ಸಲ ಓದೇನಿ. ನಿಮ್ಮ ಮಾತು ಮೀರಿದೆ ಅನ್ನೂದು ಬ್ಯಾಡ, ಜೀವಾ ಬಿಟ್ಟಂಗೂ ಆಗೂದು ಬ್ಯಾಡ ಅಂತ ಎರಡನ್ನೂ ಜೋಡಿ ಮಾಡಿ ಕಿಸೆದಾಗ ಇಟಗೊಂಡ ಇಳದೇನ್ರಿ. ಸಿಟ್ಟ ಮಾಡಬ್ಯಾಡ್ರಿ."

ನಾನು ಅತ್ತೆ. ಕಚೇರಿಯಲ್ಲಿ ಯಾರ ಮುಂದೆಯೂ ಅಳದವಳು ಅಲ್ಲಿ, ಉಳ್ಳಾಗಡ್ಡಿಯ ವಾಸನೆ ಹೊಡೆಯುವ ಸೀರೆಯ ಸೆರಗು ಹಿಡಿದು ಅತ್ತೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಚಹಾದ ಬಸಿ ಕೆಳಗಿಟ್ಟ. ಆಮೇಲೆ ಎದ್ದು ಹೋಗಿ ತೂಗುಹಾಕಿದ್ದ ಅಂಗಿಯ ಕಿಸೆಯಿಂದ ಬನ್ನಿ ಎಲೆ ತಂದು ನನ್ನ ಕೈಗೆ ಕೊಟ್ಟ. "ಬನ್ನಿ ತಗೊಳ್ರಿ ಅಕ್ಕಾರ. ಬಂಗಾರದಂಗ ಇರೂನು." ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಹಾವು ಕಂಡವನ ಹಾಗೆ ಎರಡು ಹೆಜ್ಜೆ ಹಿಂದೆ ಹಾರಿದ.

ಆ ದಿನ ನಾನು ಕೊನೆಗೂ ಕೇಳಿದೆ, ನೂರೇ ಯಾಕೆ ಎಣಿಸುತ್ತೀ ಎಂದು. "ಏಣಿಗಿ ಮೂವತ್ತೆಂಟ ಮೆಟ್ಟಲ ಅದಾವ್ರಿ. ತಳದಾಗ ಇದ್ದಾಂವ ಹಳಿ ಸಪ್ಪಳ ಕೇಳಿ, ಕೈ ಹೊರಗ ತಗದು, ತೊಯ್ದ ಕಾಲಿಂದ ಜಾರದಂಗ ಮ್ಯಾಲ ಬರಾಕ ನೂರ ಬೇಕ್ರಿ. ನನಗ ಕೆಲಸಾ ಕಲಿಸಿದಾಂವ ಅಳದು ಹೇಳಿದ್ದ" ಎಂದ. ಹತ್ತು ಹನ್ನೆರಡು ವರ್ಷ ನಾನು ಅದನ್ನು ನೇಮ ಎಂದುಕೊಂಡು ಗಡಿಯಾರ ನೋಡುತ್ತ ಕುಳಿತಿದ್ದೆ.

ಹಿಂದೆ ಬಂದು ಮುಟ್ಟಿದ ಸಾಹೇಬರ ಜೊತೆ ಸಂಜೆ ಸವದತ್ತಿಗೆ ಮರಳಿದಾಗ ಪರದೆಯ ಮೇಲೆ ಮನೋಳಿಯ ಒಂದು ಮೆಸೇಜು ಬಂದು ಕುಳಿತಿತ್ತು: ಸ್ಟಾರ್ಟರಿಗೆ ಕರೆಂಟ್ ಇಲ್ಲ. ಅವನು ಫ್ಯೂಜು ಕಿತ್ತಾಗ ಡಬ್ಬಿ ಕಳಿಸಿದ್ದು ಅದು. ಅದು ಸಮಯಕ್ಕೆ ಬಂದಿದ್ದರೆ ನನಗೆ ಅಷ್ಟು ಸಂಕಟವಿರಲಿಲ್ಲ. ಬನ್ನಿ ಹಬ್ಬದ ಶುಭಾಶಯಗಳ ಹಿಂದೆ ಅದೂ ಸಾಲಿನಲ್ಲಿ ನಿಂತಿತ್ತು, ಅದರ ನಂತರ ಹೊರಟ ಹುಕುಮಿನ ಮೆಸೇಜು ಅದನ್ನು ದಾಟಿ ಮೊದಲು ಬಂದಿತ್ತು. ನನ್ನ ವರದಿಯಲ್ಲಿ ಆ ಕೆಂಪು ಗೆರೆ ಕಂಡು ನನಗಾದಷ್ಟು ಸಂತೋಷ ಯಾವ ಹಬ್ಬದಲ್ಲೂ ಆಗಿಲ್ಲ. ಅದನ್ನು ಬೆರಳಿನಿಂದ ಸವರಿದೆ.

ಮರುದಿನ ಸಾಹೇಬರು ನನ್ನನ್ನು ಕೂರಿಸಿಕೊಂಡು ನನ್ನ ಕಾಗದದ ಕಚೇರಿ ಪ್ರತಿಯನ್ನು ಹರಿದು ಹಾಕಿದರು. ಬೈದರು, ಬೈದು ಚಹಾ ತರಿಸಿದರು. "ಕಾಗದ ನಿಮ್ಮದು, ಆದ್ರ ವರದಿ ನೋಡಿ ಸುಮ್ನ ಇದ್ದಾಂವ ನಾನು. ಪಾಲು ಇಬ್ಬರದೂ ಐತಿ" ಎಂದರು. ದೇಶಪಾಂಡೆಯನ್ನು ಕರೆಸಿದೆವು. ತಕರಾರು ತೆಗೆಯದೆ ಮೂರು ಕೆಲಸ ಮಾಡಿಕೊಟ್ಟ. ಹಳೆಯದಾದ ಮೆಸೇಜನ್ನು ಡಬ್ಬಿ ತಿರಸ್ಕರಿಸಬೇಕು. ಮನುಷ್ಯ ಬಾವಿಗೆ ಇಳಿಯುವಾಗ ತಿರುವಿಟ್ಟು ಕೀಲಿ ಹಾಕಲು ಒಂದು ಸ್ವಿಚ್ಚು, ಅದನ್ನು ತಿರುವಿದರೆ ಸವದತ್ತಿಯ ಯಾವ ಹುಕುಮೂ ನಡೆಯಬಾರದು. ಇನ್ನೊಂದು, ಚಾಲೂ ಮಾಡುವ ಮೊದಲು ಡಬ್ಬಿ ಮೂರು ಸಲ ಭೋಂಗಾ ಊದಿ ನೂರು ಸೆಕೆಂಡು ಕಾಯಬೇಕು. ಭೋಂಗಾದ ಸದ್ದು ಕೇಳಿ ಫಕೀರಪ್ಪ, "ಕತ್ತೆ ಒದರಿದಂಗ ಒದರತೇತ್ರಿ, ಆದ್ರ ಮಾತ ಕೇಳತೇತಿ" ಎಂದ. ಸ್ವಿಚ್ಚು ಬಂದ ಮೇಲೂ ಅವನು ಫ್ಯೂಜನ್ನು ಕಿಸೆಯಲ್ಲಿ ಹಾಕಿಕೊಂಡೇ ಇಳಿದ. ನಾನು ಮತ್ತೆ ಕಾಗದ ಬರೆಯಲಿಲ್ಲ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಮೆಸೇಜಿನ ಡಬ್ಬಿ ಹೋಗಿ ಈಗಿನ ರೌಟರು ಬಂತು. ಅದು ಸಾಲಿನಲ್ಲಿ ನಿಲ್ಲುವುದಿಲ್ಲ, ಸದಾ ನಮ್ಮ ಕಂಪ್ಯೂಟರಿಗೆ ಜೋಡಿಸಿಕೊಂಡೇ ಇರುತ್ತದೆ. ಅದನ್ನು ಕೂರಿಸುವ ದಿನ ನಾನು ಗಡಿಯಾರ ಹಿಡಿದು ಮನೋಳಿಗೆ ಹೋಗಿದ್ದೆ. ಫಕೀರಪ್ಪನನ್ನು ಏಣಿ ಇಳಿಸಿ ಹಳಿ ಬಡಿದೆ. ಅವನು ಮೇಲೆ ಬರುವಷ್ಟರಲ್ಲಿ ನೂರು ದಾಟಿ ನೂರಾ ಮೂವತ್ತಾಗಿತ್ತು. ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತು, "ವಯಸ್ಸಾತ್ರಿ" ಎಂದ. ರೌಟರಿನಲ್ಲಿ ನೂರರ ಜಾಗಕ್ಕೆ ನಾನೇ ನೂರಾ ಮೂವತ್ತು ಬರೆದೆ.

ಇದೇ ಸುನೀತಾಳ ಪ್ರಶ್ನೆಗೆ ಉತ್ತರ. ಆ ಮೇಲಿನ ಮೂವತ್ತು ಸೆಕೆಂಡು ಫಕೀರಪ್ಪನ ಮೊಣಕಾಲಿನದು. ಅವನು ಈಗ ನಿವೃತ್ತನಾಗಿದ್ದಾನೆ. ಹೊಸ ಆಪರೇಟರ್ ಹರೆಯದವನು, ಎಪ್ಪತ್ತು ಎಣಿಸುವಷ್ಟರಲ್ಲಿ ಮೇಲೆ ಬರುತ್ತಾನೆ ಎಂದು ಅವಳು ಹೇಳಿದಳು. ಬರಲಿ, ಅವನಿಗೂ ವಯಸ್ಸಾಗುತ್ತದೆ. ಒಂದು ದಿನ ಜ್ವರದಿಂದ ಅವನ ಕಾಲೂ ನಡುಗುತ್ತಿರಬಹುದು. ನೀರು ಎರಡು ನಿಮಿಷ ತಡವಾಗಿ ಬಂದರೆ ಹೂಲಿಯ ಹೆಣ್ಣುಮಕ್ಕಳು ಬೈಯುವುದಿಲ್ಲ, ನಾನು ಅವರನ್ನು ಕೇಳಿದ್ದೇನೆ.

ಇಷ್ಟು ಬರೆದ ಮೇಲೆ ಫಕೀರಪ್ಪನಿಗೊಂದು ಫೋನು ಮಾಡೋಣ ಅನ್ನಿಸಿತು. ನಿನ್ನ ಮೊಣಕಾಲು ಇನ್ನೂ ರೌಟರಿನಲ್ಲೇ ಇದೆ, ತೆಗೆಯಬೇಡ ಎಂದು ಸುನೀತಾಳಿಗೆ ಹೇಳಿದ್ದೇನೆ ಎಂದೆ. ಆ ಕಡೆಯಿಂದ ಅದೇ ದನಿ, ಅದೇ ನಗು. "ಈಗ ಅಳದ್ರ ನೂರಾ ಐವತ್ತ ಆಕ್ಕೇತ್ರಿ ಅಕ್ಕಾರ. ಮನ್ಯಾಗ ಮಾಳಿಗಿ ಏರಾಕ ಒಂದ ಚಹಾ ಕುಡಿಯೂವಷ್ಟ ಹೊತ್ತ ಬೇಕ." ಅವನು ನಿಧಾನವಾಗಿ ಮಾಳಿಗೆ ಏರುವುದು ನನ್ನ ಕಣ್ಣಿಗೆ ಕಂಡಿತು. ಏರಲಿ, ಎಷ್ಟು ಹೊತ್ತಾದರೂ ಆಗಲಿ. ಹೇಗಿದ್ದೀ ಎಂದು ಕೇಳದೆ, ಇವತ್ತು ಎಷ್ಟು ರೊಟ್ಟಿ ತಿಂದೆ ಎಂದು ಕೇಳಿದೆ. "ಎರಡೂವರಿ" ಎಂದ. ಬರೆದುಕೊಂಡೆ.